ಮೊದಲು ಮಣ್ಣಿನ ಆಳ ಕೇಳಿ

ಸರ್ಕಾರ ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. 2015ರ ಫೆಬ್ರುವರಿಯಲ್ಲಿ ಶುರುವಾದ ಯೋಜನೆ ಇದು. ಒಳ್ಳೆಯ ಯೋಜನೆ. ಆದರೆ ಮಾದರಿ ತೆಗೆಯುವಾಗ ಹೊಲದಲ್ಲಿ ‘ವಿ’ ಆಕಾರದ ಗುಂಡಿ ತೋಡಿ ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಮಾತ್ರ ಚೀಲಕ್ಕೆ ತುಂಬುತ್ತಾರೆ. ಅದರ ಕೆಳಗೆ ಇನ್ನೊಂದು ಮಾರು ಮಣ್ಣಿದೆಯೋ, ಗೇಣು ದಾಟುತ್ತಲೇ ಬಂಡೆ ಸಿಗುತ್ತದೋ ಎಂಬುದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಚೀಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ದಾವಣಗೆರೆ ಜಿಲ್ಲೆಯ ಕೆಂಪು ಮಸಾರಿ ಹೊಲಗಳ ಮಟ್ಟಿಗೆ ಆ ಹನ್ನೆರಡಕ್ಕಿಂತ ಬಿಟ್ಟುಹೋದ ಈ ಒಂದೇ ದೊಡ್ಡದು ಎಂದು ನಾನು ಹೇಳುತ್ತೇನೆ.

ನನ್ನ ತವರು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಕಡೆ. ಮದುವೆಯಾಗಿ ಬಂದದ್ದು ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಗೆ. ಅಕ್ಕನನ್ನು ಕೊಟ್ಟದ್ದು ಹೊನ್ನಾಳಿಯ ಹೊಳೆಸಾಲಿಗೆ, ಮಗಳನ್ನು ಕೊಟ್ಟದ್ದು ನ್ಯಾಮತಿಯ ಬೆಳಗುತ್ತಿ ಕಡೆಗೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿಕೊಂಡೇ ಮನೆಯ ಹೊಲ ನೋಡಿಕೊಂಡವಳು ನಾನು. ನಿವೃತ್ತಿಯ ನಂತರ ಹೊಲವೇ ನನ್ನ ಪೂರ್ತಿ ಕೆಲಸ. ನಾಲ್ಕೂ ತಾಲ್ಲೂಕಿನ ಮಣ್ಣು ನನ್ನ ಕೈಗೆ ಹತ್ತಿದೆ. ಹೊರಗಿನವರಿಗೆ ಎಲ್ಲವೂ ‘ಕೆಂಪು ಭೂಮಿ’. ಪಹಣಿಯಲ್ಲಿ ಮಣ್ಣಿನ ನಮೂನೆ ಎಂಬ ಕಾಲಂ ಇದೆ, ಅಲ್ಲಿಯೂ ಇಂಥದ್ದೇ ಒಂದು ಪದ ಕೂತಿರುತ್ತದೆ. ಆ ಪದ ನೋಡಿ ಬೆಳೆ ಆರಿಸಿದವನ ಗತಿ ಏನಾಗುತ್ತದೆ ಎಂಬುದನ್ನು ನಮ್ಮ ದಿಣ್ಣೆ ಹೊಲಗಳು ವರ್ಷ ಬಿಟ್ಟು ವರ್ಷ ತೋರಿಸುತ್ತಿವೆ.

ಈ ಮಣ್ಣಿನ ಹುಟ್ಟು ತಿಳಿದರೆ ಅದರ ಗುಣ ತಾನೇ ಅರ್ಥವಾಗುತ್ತದೆ. ನಮ್ಮ ಕಾಲ ಕೆಳಗಿರುವುದು ಬಹುಪಾಲು ನೈಸ್ ಮತ್ತು ಗ್ರಾನೈಟ್, ಜಗತ್ತಿನ ಅತಿ ಹಳೆಯ ಬಂಡೆಗಳ ಸಾಲಿಗೆ ಸೇರಿದವು. ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಅದಕ್ಕೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಭೂವಿಜ್ಞಾನಿಗಳು ಇವತ್ತಿಗೂ ಅದೇ ಹೆಸರಿನಲ್ಲಿ ಕರೆಯುತ್ತಾರೆ. ಈ ಬಂಡೆಯೊಳಗೆ ಮುಖ್ಯವಾಗಿ ಮೂರು ಬಗೆಯ ಹರಳುಗಳಿವೆ: ಬೆಣಚು, ಫೆಲ್ಡ್‌ಸ್ಪಾರ್, ನಾವು ಕಾಗೆಬಂಗಾರ ಎನ್ನುವ ಅಭ್ರಕ. ಬಿಸಿಲಿಗೆ ಕಾದು ಮಳೆಗೆ ನೆನೆದು ಫೆಲ್ಡ್‌ಸ್ಪಾರ್ ಕೊಳೆಯುತ್ತದೆ, ಜೇಡಿಯಾಗುತ್ತದೆ. ಕಪ್ಪು ಹರಳುಗಳಲ್ಲಿದ್ದ ಕಬ್ಬಿಣ ತುಕ್ಕು ಹಿಡಿದು ಎಲ್ಲಕ್ಕೂ ಕೆಂಪು ಬಳಿಯುತ್ತದೆ. ಬೆಣಚು ಮಾತ್ರ ಯಾವುದಕ್ಕೂ ಬಗ್ಗದೆ ಮರಳಾಗಿ ಉಳಿದುಬಿಡುತ್ತದೆ. ಮುಷ್ಟಿಯಲ್ಲಿ ಹಿಡಿದ ಮಸಾರಿ ಮಣ್ಣು ಕರಕರ ಎನ್ನುವುದು ಈ ಬೆಣಚಿನಿಂದ. ನೀರು ನಿಲ್ಲದೆ ಕೆಳಕ್ಕೆ ಬಸಿದುಹೋಗುವುದೂ ಅದರಿಂದಲೇ. ಎರೆ ಭೂಮಿಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಮಸಾರಿಯ ಜೇಡಿ ಬೇರೆ ಜಾತಿಯದು, ಅದು ಉಬ್ಬುವುದಿಲ್ಲ.

ಇನ್ನು ಆಳ. ಬಂಡೆ ಮಣ್ಣಾಗುವುದಕ್ಕೆ ಹಿಡಿಯುವ ಕಾಲ ನಮ್ಮ ಲೆಕ್ಕಕ್ಕೆ ಸಿಗುವಂಥದ್ದಲ್ಲ; ಒಂದಂಗುಲಕ್ಕೆ ನೂರಾರು ವರ್ಷ ಬೇಕು. ಆದ ಮಣ್ಣೂ ಆದಲ್ಲೇ ನಿಲ್ಲುವುದಿಲ್ಲ. ದಿಣ್ಣೆಯ ಮೇಲಿನದು ಮಳೆಯ ಜೊತೆ ಇಳಿದು ತಗ್ಗು ಸೇರುತ್ತದೆ. ಹಾಗಾಗಿ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಸರ್ವೆ ನಂಬರಿನಲ್ಲಿ, ಮೇಲಿನ ತುದಿಗೆ ಗೇಣು ಮಣ್ಣು, ನಡುವೆ ಮೊಳ ಮಣ್ಣು, ಹಳ್ಳದ ಅಂಚಿಗೆ ಆಳುದ್ದದ ಕಪ್ಪು ಮಣ್ಣು. ಮಣ್ಣು ವಿಜ್ಞಾನಿಗಳು ಇದನ್ನು ಅಳತೆಗೆ ಇಳಿಸಿದ್ದಾರೆ: 25 ಸೆಂಟಿಮೀಟರಿಗಿಂತ ಕಡಿಮೆಯಾದರೆ ಅತಿ ಕಡಿಮೆ ಆಳ, 25ರಿಂದ 50 ಕಡಿಮೆ ಆಳ, 75ರವರೆಗೆ ಸಾಧಾರಣ ಕಡಿಮೆ, 100 ದಾಟಿದರೆ ಆಳದ ಮಣ್ಣು. ನಮ್ಮ ಮಾವನವರ ಬಾಯಲ್ಲಿ ಇದೇ ಲೆಕ್ಕ ಗೇಣು, ಮೊಳ, ಎರಡು ಮೊಳ ಎಂದು ಬರುತ್ತಿತ್ತು. ಹೊಸ ಹೊಲ ನೋಡಲು ಹೋದರೆ ಅವರು ಮೊದಲು ಕೇಳುತ್ತಿದ್ದುದು ಬೆಲೆಯನ್ನಲ್ಲ, ಹಾರೆಯನ್ನು.

ಆಳಕ್ಕೆ ಯಾಕೆ ಇಷ್ಟು ಬೆಲೆ ಎಂಬುದನ್ನು ಅಂಕಿಯಲ್ಲಿ ಹೇಳುತ್ತೇನೆ, ಯಾಕೆಂದರೆ ಇಡೀ ವಾದ ನಿಂತಿರುವುದು ಈ ಅಂಕಿಯ ಮೇಲೆ. ಮರಳು ಮಿಶ್ರಿತ ಕೆಂಪು ಮಣ್ಣು ಒಂದು ಮೀಟರ್ ಆಳಕ್ಕೆ, ಬೇರಿಗೆ ಸಿಗುವ ಹಾಗೆ, ಸುಮಾರು 100ರಿಂದ 120 ಮಿಲಿಮೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣು 40 ಸೆಂಟಿಮೀಟರ್ ಮಾತ್ರ ಇದ್ದರೆ ಅದು 40–50 ಮಿಲಿಮೀಟರಿಗೆ ಇಳಿಯಿತು. ಅದರಲ್ಲಿ ಮೂರನೇ ಒಂದು ಪಾಲು ಗರಸು ಕಲ್ಲು ಎನ್ನಿ. ಕಲ್ಲು ನೀರು ಹಿಡಿಯುವುದಿಲ್ಲ. ಉಳಿದದ್ದು 30 ಮಿಲಿಮೀಟರ್. ಮೆಕ್ಕೆಜೋಳ ಸೂಲಂಗಿ ಬಿಡುವ ಹೊತ್ತಿಗೆ ದಿನಕ್ಕೆ ಐದಾರು ಮಿಲಿಮೀಟರ್ ನೀರು ಎಳೆಯುತ್ತದೆ. ಭಾಗಿಸಿ ನೋಡಿ. ಹೊಲ ತುಂಬ ನೆನೆದ ಮಳೆಯಾದ ಐದಾರು ದಿನಕ್ಕೆ ಬೆಳೆ ಬಾಯಿ ಬಿಡುತ್ತದೆ. ಅದೇ ಮಳೆ ಮೀಟರ್ ಆಳದ ಎರೆ ಹೊಲದ ಮೇಲೆ ಬಿದ್ದು ಪೂರ್ತಿ ಇಳಿದಿದ್ದರೆ ಮೂರು–ನಾಲ್ಕು ವಾರಕ್ಕೆ ಸಾಕಾಗುವಷ್ಟು ನೀರು ಒಳಗಿರುತ್ತದೆ. ಮಳೆ ಎಷ್ಟೇ ಸುರಿಯಲಿ, ಚೊಂಬು ಹಿಡಿಯುವುದು ಚೊಂಬಿನಷ್ಟನ್ನೇ. ನಮ್ಮ ದಿಣ್ಣೆಗಳಿಗೆ ಬರ ಬೇಗ ಹತ್ತುವುದು ಮಳೆ ಕಡಿಮೆ ಎಂಬ ಒಂದೇ ಕಾರಣಕ್ಕಲ್ಲ.

2023ರ ಆಗಸ್ಟ್ ನೆನಪಿಸಿಕೊಳ್ಳಿ. 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ಆಶ್ಲೇಷ, ಮಖೆ ಎರಡೂ ಕೈಕೊಟ್ಟವು. ನಮ್ಮ ಹೋಬಳಿಯಲ್ಲಿ ಮೆಕ್ಕೆಜೋಳ ಸರಿಯಾಗಿ ಸೂಲಂಗಿ ಬಿಡುವ ಹೊತ್ತು. ದಿಣ್ಣೆ ಹೊಲಗಳ ಗರಿ ಮೊದಲು ಸುರುಳಿ ಸುತ್ತಿದವು, ಆಮೇಲೆ ಬುಡದಿಂದ ಒಣಗುತ್ತ ಬಂದವು. ಹದಿನೈದು ದಿನದೊಳಗೆ ಎಷ್ಟೋ ಜನ ದನ ಬಿಟ್ಟು ಮೇಯಿಸಿದರು. ಹೊನ್ನಾಳಿಯ ಅಕ್ಕನ ಹೊಳೆಸಾಲಿನ ಹೊಲದಲ್ಲಿ ಅದೇ ಬೀಜ, ಅದೇ ಗೊಬ್ಬರ, ಹೆಚ್ಚುಕಡಿಮೆ ಅದೇ ವಾರದ ಬಿತ್ತನೆ. ತೆನೆ ಸಣ್ಣದಾದರೂ ಕಾಳು ಕಟ್ಟಿತು. ಅಕ್ಕ ಫೋನಿನಲ್ಲಿ, “ನಿಮ್ಮೂರ ಹೊಲದಾಗೆ ಮಳೆ ನಿಲ್ಲೋದೇ ಇಲ್ಲ ಬಿಡವ್ವ” ಎಂದಳು. ಸತ್ಯವನ್ನೇ ಹೇಳಿದಳು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ನಮ್ಮದೂ ಸೇರಿ. ಆದರೆ ಬರ ಅಳೆಯುವ 2016ರ ಕೇಂದ್ರ ಕೈಪಿಡಿ ಮಳೆಯಿಲ್ಲದ ಅವಧಿಯನ್ನು ಲೆಕ್ಕ ಹಾಕುವುದು ಮೂರು–ನಾಲ್ಕು ವಾರಗಳಲ್ಲಿ. ಐದಾರು ದಿನಕ್ಕೆ ಬಾಡುವ ಮಣ್ಣಿಗೂ ಇಪ್ಪತ್ತೈದು ದಿನ ತಡೆಯುವ ಮಣ್ಣಿಗೂ ಒಂದೇ ಅಳತೆಗೋಲು ಹಿಡಿದರೆ ಮೊದಲ ಸುತ್ತಿನಲ್ಲೇ ದಿಣ್ಣೆಯ ರೈತ ಸೋಲುತ್ತಾನೆ. ಮೂರು ವಾರ ತುಂಬುವ ಹೊತ್ತಿಗೆ ಅವನ ಹೊಲದಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ.

ಹಾಗೆಂದು ಈ ಮಣ್ಣು ಕೆಟ್ಟದ್ದಲ್ಲ. ಈ ಮಾತನ್ನು ನಾನು ಜೋರಾಗಿಯೇ ಹೇಳಬೇಕಿದೆ, ಯಾಕೆಂದರೆ ನಮ್ಮ ಮಕ್ಕಳೇ ‘ಕಲ್ಲು ಭೂಮಿ’ ಎಂದು ಮೂಗು ಮುರಿಯುತ್ತಾರೆ. ರಾತ್ರಿ ಜಡಿಮಳೆ ಹೊಡೆದರೂ ಮಾರನೆಯ ದಿನವೋ ಅದರ ಮಾರನೆಯ ದಿನವೋ ಮಸಾರಿಯಲ್ಲಿ ಕುಂಟೆ ಹಿಡಿಯಬಹುದು. ಎರೆಯಲ್ಲಿ ವಾರ ಕಾಯಬೇಕು. ಬೇರು ಕೊಳೆಯುವುದಿಲ್ಲ, ಮಣ್ಣಿಗೆ ಗಾಳಿ ಆಡುತ್ತದೆ. ಶೇಂಗಾದ ಊಡು ಸಲೀಸಾಗಿ ಇಳಿಯುತ್ತದೆ, ಕೀಳುವಾಗ ಕಾಯಿ ಮಣ್ಣಿನಲ್ಲಿ ಉಳಿಯುವುದಿಲ್ಲ. ಜಗಳೂರಿನ ಈರುಳ್ಳಿ ಗಡ್ಡೆ ದುಂಡಗೆ ಬರುವುದೂ ಇದೇ ಸಡಿಲ ಮಣ್ಣಿನ ಪುಣ್ಯ. ಇದರ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುವುದಿಲ್ಲ. ಬಿದ್ದ ನೀರು ಮಣ್ಣು ದಾಟಿ, ಕೊಳೆತ ಬಂಡೆಯ ಪದರ ಸೇರಿ, ತೆರೆದ ಬಾವಿಗೆ ಒರತೆಯಾಗುತ್ತದೆ. ಆಳ ಕಡಿಮೆಯಿದ್ದಲ್ಲಿ ಕೂಡ ಬೇವು, ಹುಣಸೆ, ಸೀತಾಫಲ ಬಂಡೆಯ ಸೀಳಿನೊಳಗೆ ಬೇರು ತೂರಿಸಿ ಬದುಕುತ್ತವೆ. ಜಗಳೂರಿನ ರಂಗಯ್ಯನದುರ್ಗ ವನ್ಯಧಾಮದ ಕುರುಚಲು ಕಾಡಿಗೆ ಹೋಗಿ ನೋಡಿ, ಕೊಂಡುಕುರಿಗೆ ಹೊಟ್ಟೆಗೂ ಮರೆಗೂ ಆಗುವಷ್ಟು ಹಸಿರನ್ನು ಆ ತೆಳು ಮಣ್ಣು ಸಾಕಿದೆ.

ಬಡತನ ಇರುವುದು ನೀರಿನಲ್ಲಿ ಮತ್ತು ಸಾವಯವದಲ್ಲಿ. ಮಸಾರಿ ಮಣ್ಣಿಗೆ ಸಾರಜನಕ, ರಂಜಕ ಕಡಿಮೆ. 2009ರಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ರಾಜ್ಯ ಸರ್ಕಾರ ಶುರುಮಾಡಿದ ಭೂಚೇತನ ಯೋಜನೆ ಗಂಧಕ, ಸತು, ಬೋರಾನ್ ಕೊರತೆಯನ್ನೂ ಎತ್ತಿ ತೋರಿಸಿತು. ಹಾಕಿದ ಯೂರಿಯಾ ಬಸಿಯುವ ನೀರಿನ ಜೊತೆ ಇಳಿದುಹೋಗುತ್ತದೆ. ಮೇಲೆ ಹಕ್ಕಳೆ ಕಟ್ಟಿದರೆ ಮೊಳಕೆ ತಲೆ ಎತ್ತುವುದಿಲ್ಲ. ಇದಕ್ಕೆಲ್ಲ ಒಂದು ಹಳೆಯ ಮದ್ದಿದೆ: ತಿಪ್ಪೆಗೊಬ್ಬರ. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಕೆಂಪು ಮಣ್ಣಿನಲ್ಲಿ ದಶಕಗಳಿಂದ ನಡೆದಿರುವ ರಾಗಿ ಪ್ರಯೋಗಗಳೂ ಇದನ್ನೇ ಹೇಳುತ್ತವೆ: ರಾಸಾಯನಿಕ ಗೊಬ್ಬರ ಒಂದನ್ನೇ ಹಾಕುತ್ತ ಬಂದ ತುಂಡಿನಲ್ಲಿ ಇಳುವರಿ ಕುಸಿಯುತ್ತದೆ, ಕೊಟ್ಟಿಗೆ ಗೊಬ್ಬರ ಕೂಡಿಸಿದ ತುಂಡಿನಲ್ಲಿ ನಿಲ್ಲುತ್ತದೆ. ಆದರೆ ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ತಿಪ್ಪೆ ಎಲ್ಲಿದೆ? ಕುರಿಯವರು ಬಂದರೆ ಹೊಲದಲ್ಲಿ ತರುಬಿಸಿಕೊಳ್ಳಲು ಊರಿಗೆ ಊರೇ ಪೈಪೋಟಿ.

ಜಗಳೂರಿನಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಮುಟ್ಟುವುದಿಲ್ಲ. ಪಶ್ಚಿಮಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಹೋದಂತೆ ಮಳೆ ಏರುತ್ತದೆ, ಕೃಷಿ ಇಲಾಖೆಯ ನಕ್ಷೆಯಲ್ಲಿ ವಲಯವೇ ಬದಲಾಗುತ್ತದೆ: ಜಗಳೂರು ಮಧ್ಯ ಒಣ ವಲಯ, ಆ ಕಡೆಯದು ದಕ್ಷಿಣ ಪರಿವರ್ತನಾ ವಲಯ. ಆದರೆ ಬೆಳೆಗೆ ಮಾತ್ರ ಈ ವ್ಯತ್ಯಾಸ ಮರೆತುಹೋಗಿದೆ. ರಾಗಿ, ನವಣೆ, ಸಾಮೆ, ಹುರುಳಿ, ಹರಳು, ಶೇಂಗಾದ ಜೊತೆ ತೊಗರಿಯ ಅಕ್ಕಡಿ ಸಾಲು, ಹೀಗೆ ತೆಳು ಮಣ್ಣಿಗೆ ಹೊಂದಿ ಬಂದಿದ್ದ ಬೆಳೆಗಳನ್ನು ಮೆಕ್ಕೆಜೋಳ ಒಂದೇ ನುಂಗಿತು. ಮಾರುಕಟ್ಟೆ ಇದೆ, ಬಿತ್ತನೆ ಸುಲಭ, ಹಕ್ಕಿ ಕಾಯುವ ಕೆಲಸ ಇಲ್ಲ. ರೈತರು ಅದರ ಹಿಂದೆ ಹೋದದ್ದಕ್ಕೆ ಕಾರಣಗಳಿವೆ, ನಾನು ಅಲ್ಲಗಳೆಯುವುದಿಲ್ಲ. ತಗ್ಗಿನ ಹೊಲದಲ್ಲಿ ಅದು ಇರಲಿ. ನೂರು ದಿನ ಮೀರಿ ನಿಲ್ಲುವ, 500 ಮಿಲಿಮೀಟರಿಗೂ ಹೆಚ್ಚು ನೀರು ಕೇಳುವ ಬೆಳೆಯನ್ನು ಮೊಳ ಮಣ್ಣಿನ ದಿಣ್ಣೆಗೆ ಹಾಕುವುದು ಮಾತ್ರ ಪ್ರತಿ ವರ್ಷ ಜೂಜಾಡಿದ ಹಾಗೆಯೇ. ನಮ್ಮ ಹೊಲದ ಮೇಲ್ತುದಿಯಲ್ಲಿ ನಾನು ಈಗ ನವಣೆ, ರಾಗಿ ಬಿಟ್ಟು ಬೇರೇನೂ ಬಿತ್ತುವುದಿಲ್ಲ. 2023ರಲ್ಲೂ ಆ ತುಂಡು ಮನೆಗೆ ಕಾಳು ತಂದಿತು.

ಮೆಕ್ಕೆಜೋಳ ಕೈಕೊಟ್ಟರೆ ಒಂದು ವರ್ಷದ ನಷ್ಟ. ಅಡಿಕೆ ಹಾಗಲ್ಲ. ಚನ್ನಗಿರಿ ಅಡಿಕೆಗೆ ಹೆಸರಾದ ತಾಲ್ಲೂಕು. ಭದ್ರಾ ನಾಲೆಯ ಕೆಳಗೆ, ಸೂಳೆಕೆರೆಯ ಅಚ್ಚುಕಟ್ಟಿನಲ್ಲಿ, ಹಳ್ಳದ ಸಾಲಿನ ಆಳದ ಮಣ್ಣಿನಲ್ಲಿ ಅದು ನಿಂತದ್ದಕ್ಕೆ ಅರ್ಥವಿದೆ. ನಮ್ಮ ತವರಿನ ತೋಟವೂ ಅಂಥದ್ದೇ. ಈಗ ಅದೇ ಅಡಿಕೆ ನಾಲೆ ದಾಟಿ, ಗುಡ್ಡದ ಇಳಿಜಾರು ಹತ್ತಿ, ನ್ಯಾಮತಿಯ ಕಲ್ಲು ಹೊಲಗಳಿಗೆ, ನಮ್ಮ ಜಗಳೂರಿನವರೆಗೆ ಬಂದು ನಿಂತಿದೆ, ಕೊಳವೆಬಾವಿಯೊಂದನ್ನೇ ನಂಬಿಕೊಂಡು.

ನನ್ನ ಅಳಿಯನೂ ದಿಣ್ಣೆಯ ಹೊಲಕ್ಕೆ ಅಡಿಕೆ ಹಾಕಲು ಹೊರಟಿದ್ದ. “ಅತ್ತೆ, ಪಕ್ಕದವರೆಲ್ಲ ಹಾಕಿದಾರೆ” ಎಂದ. ಹಾಕು, ಆದರೆ ಮೊದಲು ಒಂದು ಗುಂಡಿ ತೆಗೆಸು ಎಂದೆ. ಅಡಿಕೆ ಸಸಿಗೆ 90 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆಯಬೇಕೆಂದು ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಕೇಂದ್ರ ಸಂಶೋಧನಾಲಯ ಹೇಳುತ್ತದೆ. ಗುದ್ದಲಿ ಮೊಳ ಇಳಿಯುವಷ್ಟರಲ್ಲಿ ಗರಸು ಸಿಕ್ಕಿತು, ಅದರ ಕೆಳಗೆ ಹಾರೆಗೂ ಬಗ್ಗದ ಪದರ. ಅಲ್ಲೇ ಕುಳಿತು ಲೆಕ್ಕ ಹಾಕಿದೆವು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಗಿಡ. ಹನಿ ನೀರಾವರಿಯಲ್ಲಿ ಬೇಸಿಗೆಗೆ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್. ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್ ಹತ್ತಿರ ಬಂತು. ಕೊಳವೆಬಾವಿ ನಿಂತ ದಿನ ಅದು ಎರಡು ಟ್ರ್ಯಾಕ್ಟರ್ ಟ್ಯಾಂಕರ್. ಆಳದ ಮಣ್ಣಿನಲ್ಲಿ ಎರಡು ವಾರ ನೀರು ತಪ್ಪಿದರೆ ಗಿಡ ಸೊರಗುತ್ತದೆ, ಆದರೂ ಬದುಕುತ್ತದೆ. ಮೊಳ ಮಣ್ಣಿನಲ್ಲಿ ಆ ಸಾವಕಾಶ ಇಲ್ಲ. ಕೊನೆಗೆ ಅವನು ಅಡಿಕೆಯನ್ನು ಹಳ್ಳದ ಬದಿಯ ತುಂಡಿಗೆ ಮಾತ್ರ ಇಟ್ಟುಕೊಂಡ, ದಿಣ್ಣೆಗೆ ಮಾವು ಹಾಕಿದ, ಸಾಲಿನ ನಡುವೆ ರಾಗಿ. 2024ರ ಬೇಸಿಗೆಯಲ್ಲಿ ಆ ರಸ್ತೆಯಲ್ಲಿ ಹಗಲೂ ರಾತ್ರಿ ಟ್ಯಾಂಕರ್ ಓಡಿದವು. ಬಂಗಾರ ಅಡವಿಟ್ಟು ನೀರು ಹೊಡೆಸಿದ ಮನೆಗಳನ್ನು ನಾನು ಬಲ್ಲೆ. ಅವರು ಸೋಮಾರಿಗಳಲ್ಲ, ದಡ್ಡರೂ ಅಲ್ಲ. ಸಸಿ ಕೊಟ್ಟವರು, ಸಾಲ ಕೊಟ್ಟವರು, ಹನಿ ಪೈಪು ಮಾರಿದವರು, ಯಾರೂ ಅವರನ್ನು ಕೇಳದ ಪ್ರಶ್ನೆ ಒಂದೇ: ಅಲ್ಲಿ ಮಣ್ಣು ಎಷ್ಟು ಆಳ ಇದೆ?

ಕೊಳವೆಬಾವಿ ಬಗ್ಗೆ ಒಂದು ಮಾತು. ನಮ್ಮ ಬಂಡೆ ಮರಳುಗಲ್ಲಿನ ಹಾಗೆ ಮೈಯೆಲ್ಲ ನೀರು ತುಂಬಿಕೊಳ್ಳುವುದಿಲ್ಲ. ನೀರು ಇರುವುದು ಮೇಲಿನ ಕೊಳೆತ ಪದರದಲ್ಲಿ ಮತ್ತು ಅದರ ಕೆಳಗಿನ ಸೀಳುಗಳಲ್ಲಿ. ಸೀಳು ಸಿಕ್ಕರೆ ನೀರು, ಇಲ್ಲವಾದರೆ ದೂಳು. ಸಿಕ್ಕ ಸೀಳೂ ಖಾಲಿಯಾಗುತ್ತದೆ. ಅದನ್ನು ಮತ್ತೆ ತುಂಬುವ ದಾರಿ ಈ ತೆಳು ಮಣ್ಣಿನ ಮೂಲಕವೇ ಇದೆ. ಮಣ್ಣು ತೊಳೆದುಹೋಗಿ ಬೋಳು ಬಂಡೆ ಉಳಿದರೆ ಮಳೆ ಒಳಗಿಳಿಯದೆ ಮೇಲೆಯೇ ಓಡಿಹೋಗುತ್ತದೆ.

ಈಗ ನಾನು ಹೇಳುವ ಸಂಗತಿ ನಮ್ಮ ಅಧಿಕಾರಿಗಳಲ್ಲೂ ಹೆಚ್ಚು ಜನಕ್ಕೆ ಗೊತ್ತಿರಲಾರದು. ಹೊಲದ ಮಣ್ಣಿನ ಆಳ ಅಳೆದು ಬರೆದಿಡುವ ಕೆಲಸ ಈ ನಾಡಿನಲ್ಲಿ ನಡೆದಿತ್ತು. ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಕಂದಾಯ ಸರ್ವೆ ಪದ್ಧತಿ 1847ರ ಜಂಟಿ ವರದಿಯಲ್ಲಿ ಕಟ್ಟಾಯಿತು. ಅದರ ಪ್ರಕಾರ ಸರ್ವೆಯವರು ಹೊಲವನ್ನು ಭಾಗ ಮಾಡಿ, ಪ್ರತಿ ಭಾಗದಲ್ಲೂ ಮಣ್ಣಿನ ಬಣ್ಣ, ಹದ ನೋಡಿ, ಆಳವನ್ನು ಮೊಳದಲ್ಲಿ ಅಳೆಯುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ಉತ್ತಮ ಮಣ್ಣಿಗೆ 16 ಆಣೆ; ಆಳ ಕಾಲು ಮೊಳ ಇಳಿದ ಹಾಗೆಲ್ಲ ಆಣೆಯೂ ಇಳಿಯುತ್ತಿತ್ತು. ಇಳಿಜಾರಿದೆಯೇ, ಮರಳು ಹೆಚ್ಚೇ, ನೀರು ಹರಿದು ಮಣ್ಣು ಕೊಚ್ಚುತ್ತದೆಯೇ ಎಂದು ನೋಡಿ ಅದಕ್ಕೆ ದೋಷದ ಗುರುತು ಹಾಕಿ ದರ್ಜೆ ಇನ್ನಷ್ಟು ಇಳಿಸುತ್ತಿದ್ದರು. 1863ರಲ್ಲಿ ಮೈಸೂರು ಸಂಸ್ಥಾನದಲ್ಲೂ ಇದೇ ಮಾದರಿಯ ಕಂದಾಯ ಸರ್ವೆ ಶುರುವಾಯಿತು. ನಮ್ಮ ನಾಲ್ಕೂ ತಾಲ್ಲೂಕುಗಳು ಆ ಸಂಸ್ಥಾನದವು. ನ್ಯಾಮತಿ ಆಗ ಹೊನ್ನಾಳಿಯೊಳಗಿತ್ತು. ಪಹಣಿಯಲ್ಲಿ ಇಂದಿಗೂ ಕಾಣುವ ‘ಆಕಾರ’ದ ರೂಪಾಯಿ–ಪೈಸೆಯ ಹಿಂದೆ ಇಂಥ ಲೆಕ್ಕವಿದೆ.

ಅವರು ಅಳೆದದ್ದು ಕಂದಾಯ ಹಾಕುವುದಕ್ಕೆ, ರೈತನ ಮೇಲಿನ ಪ್ರೀತಿಗಲ್ಲ. ನಿಜ. ಆದರೆ ತೆರಿಗೆ ವಸೂಲಿಗೆ ಗುಂಡಿ ತೋಡಿ ಆಳ ನೋಡುವುದು ಒಂದೂವರೆ ಶತಮಾನದ ಹಿಂದೆ ಸಾಧ್ಯವಾಗಿದ್ದರೆ, ಬೆಳೆ ಉಳಿಸುವುದಕ್ಕೆ ಈಗ ಯಾಕೆ ಸಾಧ್ಯವಿಲ್ಲ?

ಅಲ್ಪಸ್ವಲ್ಪ ಆಗಿಯೂ ಇದೆ. ವಿಶ್ವಬ್ಯಾಂಕ್ ನೆರವಿನ ಸುಜಲಾ–3 ಯೋಜನೆಯಲ್ಲಿ ದಾವಣಗೆರೆಯೂ ಸೇರಿ ರಾಜ್ಯದ 11 ಜಿಲ್ಲೆಗಳ ಆಯ್ದ ಕಿರುಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. ಹೆಬ್ಬಾಳದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಕೇಂದ್ರದವರು, ಕೃಷಿ ವಿಶ್ವವಿದ್ಯಾಲಯಗಳವರು ಗುಂಡಿ ತೋಡಿಸಿ ಆಳ, ಗರಸು, ಇಳಿಜಾರು, ಸವಕಳಿ ಎಲ್ಲವನ್ನೂ ಸರ್ವೆ ನಂಬರ್ ಮಟ್ಟದಲ್ಲಿ ನಕ್ಷೆಗೆ ಇಳಿಸಿದರು. ಯಾವ ತುಂಡಿಗೆ ಯಾವ ಬೆಳೆ ಹೊಂದುತ್ತದೆ ಎಂದೂ ಬರೆದರು. ಬೆಲೆ ಕಟ್ಟಲಾಗದ ಕೆಲಸ ಅದು. ಆದರೆ ಅದು ಆಯ್ದ ಹಳ್ಳಿಗಳ ಮಾತಾಯಿತು. ಸಮೀಕ್ಷೆಯಾದ ಊರುಗಳ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ರೈತ ಸಂಪರ್ಕ ಕೇಂದ್ರದ ಗೋಡೆಗೆ, ಪಂಚಾಯಿತಿ ಗೋಡೆಗೆ ಹಾಕಬೇಕು. ಆಗದ ಊರುಗಳಲ್ಲಿ ಅದು ಮುಂದುವರಿಯಬೇಕು. ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರ ಚನ್ನಗಿರಿ ತಾಲ್ಲೂಕಿನಲ್ಲೇ ಇದೆ, ಶಿವಮೊಗ್ಗದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಕೆಲಸ ಗೊತ್ತಿರುವವರು ಹತ್ತಿರದಲ್ಲೇ ಇದ್ದಾರೆ.

ಇರುವ ಆಳವನ್ನು ಕಳೆದುಕೊಳ್ಳದಿರುವುದು ಇನ್ನೂ ತುರ್ತಿನ ಕೆಲಸ. ದೇಶದಲ್ಲಿ ಮಣ್ಣಿನ ಸವಕಳಿ ಸರಾಸರಿ ಹೆಕ್ಟೇರಿಗೆ ವರ್ಷಕ್ಕೆ 16 ಟನ್ ಎಂಬ ಅಂದಾಜು ಬಹಳ ಹಿಂದಿನದು. ಹೊಲದ ಮೇಲೆ ಅದನ್ನು ಹರಡಿದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಕಣ್ಣಿಗೆ ಕಾಣುವುದಿಲ್ಲ. ಮೀಟರ್ ಆಳದ ಹೊಲಕ್ಕೆ ಅದು ದೊಡ್ಡದಲ್ಲ. ಗೇಣು ಮಣ್ಣಿನ ಹೊಲದಲ್ಲಿ ಹಾಗೆ ಹೋಗುತ್ತಿದ್ದರೆ ಅಜ್ಜನ ಕಾಲದಿಂದ ಮೊಮ್ಮಗನ ಕಾಲಕ್ಕೆ ಮೂರನೇ ಒಂದು ಪಾಲು ಇಲ್ಲ. ಇಳಿಜಾರಿನ ಉದ್ದಕ್ಕೆ ಟ್ರ್ಯಾಕ್ಟರ್ ಓಡಿಸುವುದು, ತಿರುಗಲು ಅಡ್ಡ ಎಂದು ಬದು ಒಡೆಯುವುದು ನಮ್ಮಲ್ಲಿ ಮಾಮೂಲಾಗಿದೆ. ಅದಕ್ಕಿಂತ ಕೆಟ್ಟದ್ದು ಜೆಸಿಬಿ ಹಚ್ಚಿ ಹೊಲ ಸಮ ಮಾಡಿಸುವುದು. ಮೇಲಿನ ಜೀವದ ಮಣ್ಣು ತಗ್ಗಿನಲ್ಲಿ ಹೂತುಹೋಗುತ್ತದೆ, ದಿಣ್ಣೆಯಲ್ಲಿ ಗರಸು ಮೇಲೆದ್ದು ಕೂರುತ್ತದೆ. ಇನ್ನು ರಸ್ತೆಗೆ, ಲೇಔಟಿಗೆ ಎಂದು ಗರಸು ಮಣ್ಣನ್ನು ಎಕರೆಗಟ್ಟಲೆ ಬಗೆದು ಲಾರಿಗೆ ತುಂಬುವುದನ್ನು ಜಿಲ್ಲೆಯ ಯಾವ ದಿಕ್ಕಿಗೆ ಹೋದರೂ ಕಾಣಬಹುದು. ಹೊಲದ ಮಾಲೀಕರಿಗೆ ಒಂದು ಸಲ ದುಡ್ಡು ಬರುತ್ತದೆ. ಆ ಗುಂಡಿಯಲ್ಲಿ ಅವರ ಮಗ ಬಿತ್ತುವಂತಿಲ್ಲ, ಮೊಮ್ಮಗನೂ ಬಿತ್ತುವಂತಿಲ್ಲ.

ಆಳ ಹೆಚ್ಚಿಸಲು ಬರುತ್ತದೆಯೇ ಎಂದರೆ, ಸ್ವಲ್ಪ ಮಟ್ಟಿಗೆ ಬರುತ್ತದೆ. ಹಿಂದಿನವರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆಗೋಡು ಹೊಡೆಯುತ್ತಿದ್ದರು. ದಿಣ್ಣೆಯಿಂದ ಇಳಿದ ಮಣ್ಣು ಮರಳಿ ದಿಣ್ಣೆಗೇ ಬರುತ್ತಿತ್ತು. ಎಕರೆಗೆ ಒಂದಂಗುಲ ಗೋಡು ಹರಡಲು ಸುಮಾರು 100 ಘನ ಮೀಟರ್ ಬೇಕು, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮೂವತ್ತಕ್ಕೂ ಹೆಚ್ಚು ಲೋಡು. ಸಣ್ಣ ರೈತನ ಕೈಯಲ್ಲಿ ಇದು ಆಗದ ಮಾತು. ಜಗಳೂರಿಗೆ 57 ಕೆರೆ ತುಂಬಿಸುವ ಯೋಜನೆ ಬಂದಿದೆ, ಭದ್ರಾ ಮೇಲ್ದಂಡೆಯ ನೀರೂ ಬರಬೇಕಿದೆ. ಬರಲಿ, ನಾವು ತಲೆಮಾರಿನಿಂದ ಕಾದ ನೀರು ಅದು. ಆದರೆ ಒಣಗಿ ಬಾಯ್ತೆರೆದ ಕೆರೆಯಂಗಳದಲ್ಲಿ ಹೂಳು ಇರುವಾಗಲೇ ಅದನ್ನು ಎತ್ತಿಸಿ, ಸಾಗಣೆ ಖರ್ಚನ್ನು ಸರ್ಕಾರ ಹೊತ್ತು, ಕಡಿಮೆ ಆಳದ ಹೊಲಗಳಿಗೆ ಮೊದಲು ತಲುಪಿಸಬೇಕು. ಕೆರೆಗೆ ಒಡಲು ಸಿಗುತ್ತದೆ, ಹೊಲಕ್ಕೆ ಮಣ್ಣು ಸಿಗುತ್ತದೆ. ಹೂಳು ಇಟ್ಟಿಗೆ ಭಟ್ಟಿಗೆ ಹೋಗುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ನೀರು ಬಂದ ಮೇಲೂ ತೆಳು ಮಣ್ಣಿಗೆ ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಬೇಕು. ಒಮ್ಮೆಗೇ ಹರಿಸಿದರೆ ಬಸಿದುಹೋಗುತ್ತದೆ. ಕೃಷಿ ಹೊಂಡ ತೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಮಸಾರಿಯಲ್ಲಿ ತಾಡಪಾಲು ಹಾಸದ ಹೊಂಡದಲ್ಲಿ ನೀರು ನಿಲ್ಲುವುದಿಲ್ಲ.

ಕೃಷಿ ಇಲಾಖೆಗೆ, ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಮಣ್ಣು ಆರೋಗ್ಯ ಚೀಟಿಯಲ್ಲಿ ಆಳಕ್ಕೆ ಒಂದು ಸಾಲು ಸೇರಿಸಿ. ಅದಕ್ಕೆ ಪ್ರಯೋಗಾಲಯ ಬೇಡ, ಹಾರೆ ಮತ್ತು ಟೇಪು ಸಾಕು. ತೋಟದ ಸಹಾಯಧನ, ಹನಿ ನೀರಾವರಿ ಸಹಾಯಧನ, ಬೆಳೆ ಸಾಲ ಕೊಡುವ ಮುನ್ನ ಆ ಸಾಲು ನೋಡಿ. ಅರ್ಧ ಮೀಟರ್ ಮಣ್ಣಿಲ್ಲದ ಕಡೆ ಅಡಿಕೆಗೆ ಪ್ರೋತ್ಸಾಹ ನಿಲ್ಲಿಸಿ, ಆ ಹಣವನ್ನು ಬದುವಿಗೆ, ಗೋಡಿಗೆ, ಸಿರಿಧಾನ್ಯಕ್ಕೆ, ಮಳೆಯಾಶ್ರಿತ ಹಣ್ಣಿನ ಗಿಡಕ್ಕೆ ಕೊಡಿ. ಬರದ ಲೆಕ್ಕದಲ್ಲಿ ತೆಳು ಮಣ್ಣಿನ ಹೋಬಳಿಗಳಿಗೆ ಮೂರು ವಾರದ ಬದಲು ಹತ್ತು ದಿನದ ಅಳತೆ ಇಡಿ ಎಂದು ರಾಜ್ಯ ಸರ್ಕಾರ ಕೇಂದ್ರದ ಮುಂದೆ ವಾದಿಸಲಿ.

ರೈತ ಬಂಧುಗಳಲ್ಲಿ, ಅದರಲ್ಲೂ ಹೊಲದ ನಿರ್ಧಾರದಲ್ಲಿ ಮಾತು ಸಿಗದ ನನ್ನ ಅಕ್ಕತಂಗಿಯರಲ್ಲಿ ಒಂದು ಕೋರಿಕೆ. ಮುಂಗಾರಿಗೆ ಮುಂಚೆ, ರೋಹಿಣಿ ಹುಟ್ಟುವುದರೊಳಗೆ, ಹೊಲದ ಮೇಲ್ತುದಿ, ನಡು, ತಗ್ಗು ಮೂರೂ ಕಡೆ ಗುಂಡಿ ತೆಗೆಸಿ. ಗರಸು ಎಷ್ಟಕ್ಕೆ ಸಿಕ್ಕಿತು, ಹಳೆಯ ಬೇರು ಎಲ್ಲಿಯವರೆಗೆ ಇಳಿದಿದೆ ಎಂದು ಅಳೆದು, ಪಹಣಿಯ ಜೊತೆ ಇಡುವ ಪುಸ್ತಕದಲ್ಲಿ ಬರೆದಿಡಿ. ಮೊಳಕ್ಕಿಂತ ಕಡಿಮೆ ಇದ್ದ ತುಂಡಿಗೆ ಈ ವರ್ಷ ಮೆಕ್ಕೆಜೋಳದ ಬೀಜ ಕೊಳ್ಳಬೇಡಿ, ಅಡಿಕೆ ಸಸಿಗೆ ಮುಂಗಡ ಕೊಡಬೇಡಿ.